ಹಿತ್ತಲ ಬಾಗಿಲಿಗೆ ಬಂದ ಅಧ್ಯಕ್ಷೆ

ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಕೊಳವೆಬಾವಿ ಕೊರೆಯುವವರ ಜಾಹೀರಾತಿನ ಪಕ್ಕದಲ್ಲಿ, ಅವರ ಫೋಟೊ ಹಾಕಿ ನಾಲ್ಕು ಸಾಲು ಬರೆದಿದ್ದರು. ಚಿತ್ರದುರ್ಗ ನಗರಸಭೆಯ ಮಾಜಿ ಅಧ್ಯಕ್ಷೆ ಹೊಳಲ್ಕೆರೆಯ ಮಗಳ ಮನೆಯಲ್ಲಿ ನಿಧನ, ಸರಳ ಸಜ್ಜನಿಕೆಯ ವ್ಯಕ್ತಿತ್ವ, ಅಪಾರ ಬಂಧುಬಳಗ. ಓದಿ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಸತ್ತವರನ್ನೆಲ್ಲ ಹೀಗೆ ಒಂದೇ ಅಚ್ಚಿನಲ್ಲಿ ಒತ್ತಿಬಿಡುತ್ತಾರಲ್ಲ ಅಂತ. ಸಜ್ಜನಿಕೆ ಇತ್ತು, ಒಪ್ಪುತ್ತೇನೆ. ಸರಳ ಅಂತ ಯಾರಪ್ಪ ಹೇಳಿದ್ದು? ನಗರಸಭೆಯ ಗಂಡಸರನ್ನೆಲ್ಲ ಒಂದು ಮಧ್ಯಾಹ್ನ ಕಾಲು ಅದುಮಿಕೊಂಡು ಕೂರುವಂತೆ ಮಾಡಿದ ಹೆಂಗಸು ಅದು.

ಹೆಸರು ಬರೆಯುವುದಿಲ್ಲ. ಹಳೇ ದುರ್ಗದವರಿಗೆ ಬರೆಯದೆಯೂ ಗೊತ್ತಾಗುತ್ತದೆ. ಮಾರ್ಕೆಟ್ಟಿನವರು ಅಕ್ಕ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ, ಇಲ್ಲೂ ಹಾಗೇ ಇರಲಿ.

ನಮ್ಮ ಮನೆ ಆಗ ನಗರಸಭೆ ಕಚೇರಿಯ ಬೆನ್ನಿಗಿತ್ತು. ಹಿತ್ತಲ ಬಾಗಿಲು ತೆಗೆದರೆ ಒಂದು ಸಂದಿ, ಸಂದಿಯ ಆಚೆ ಕಚೇರಿಯ ಕಾಂಪೌಂಡು, ಕಾಂಪೌಂಡಿನಲ್ಲಿ ಒಂದು ಸಣ್ಣ ಕಬ್ಬಿಣದ ಗೇಟು. ತೊಂಬತ್ತರ ದಶಕದ ಮಾತು. ಹೆಂಗಸರಿಗೆ ಮೀಸಲಾತಿ ಬಂದು, ಆ ಕಟ್ಟಡದೊಳಕ್ಕೆ ಮೊದಲ ಸಲ ಒಂದಷ್ಟು ಸೀರೆಗಳು ಹೊಕ್ಕಿದ್ದವು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು ತಟ್ಟೆ ಮುಂದೆ ಕೂತಿದ್ದೇನೆ, ಹಿತ್ತಲ ಬಾಗಿಲನ್ನು ಯಾರೋ ಪೊಲೀಸರು ಬಡಿದ ಹಾಗೆ ಬಡಿದರು.

ತೆಗೆದು ನೋಡಿದರೆ, ಸೆರಗು ತಲೆ ಮೇಲೆ ಹೊದ್ದ, ಹಣೆ ತುಂಬ ಕುಂಕುಮದ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು.

“ತಾಯೀ, ಒಂದಕ್ಕೆ ಹೋಗ್ಬೇಕಿತ್ತು. ನಿಮ್ಮ ಬಚ್ಚಲು ಎಲ್ಲೈತೆ ತೋರಿಸ್ರಿ, ಮಾತು ಆಮ್ಯಾಲೆ ಆಡಾಣ” ಅಂದರು.

ತೋರಿಸಿದೆ. ಒಳಗಿನಿಂದ ನಮ್ಮ ಅತ್ತೆ, “ಯಾರೇ ಅದು?” ಅಂದರು. ಯಾರೋ ಗೊತ್ತಿಲ್ಲ ಅಂದೆ. “ಗೊತ್ತಿಲ್ಲದವರನ್ನ ಬಚ್ಚಲಿಗೆ ಬಿಟ್ಯಾ?” ಅಂತ ಅತ್ತೆ ಎದ್ದು ಬರುವಷ್ಟರಲ್ಲಿ ಆಕೆ ಕೈಕಾಲು ತೊಳೆದು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದರು. ನಾನು ಮುನ್ಸಿಪಾಲ್ಟಿ ಮೆಂಬರು, ಇವತ್ತು ಮೀಟಿಂಗು ಅಂತ ಪರಿಚಯ ಮಾಡಿಕೊಂಡರು.

“ಮೆಂಬರಾದ್ರೆ ನಿಮ್ಮ ಆಫೀಸಿನಲ್ಲೇ ಇರಬೇಕಲ್ಲ?” ಅಂದರು ಅತ್ತೆ.

“ಇಲ್ಲ ಕಣವ್ವ. ಅಷ್ಟು ದೊಡ್ಡ ಬಿಲ್ಡಿಂಗು, ಮಹಾರಾಜ್ರ ಕಾಲದ್ದು. ಗಂಡಸ್ರಿಗೆ ಐತೆ, ನಮಗಿಲ್ಲ. ಹೆಂಗಸ್ರೂ ಒಂದಿನ ಬಂದು ಕುಂತ್ಕಂತಾರೆ ಅಂತ ಕಟ್ಟಿಸಿದೋರಿಗೆ ಕನಸು ಬಿದ್ದಿರಲಿಲ್ಲ.”

ಹೀಗೆ ನಮ್ಮ ಪರಿಚಯ ಶುರುವಾದದ್ದು ಬಚ್ಚಲಿನಿಂದ. ಮುಂದಿನ ಮೀಟಿಂಗಿಗೆ ಅವರ ಹಿಂದೆ ಇನ್ನಿಬ್ಬರು ಬಂದರು. ಅದರ ಮುಂದಿನದಕ್ಕೆ ಎಲ್ಲರೂ. ಮೀಟಿಂಗಿನ ದಿನ ನಮ್ಮ ಅಡುಗೆಮನೆ ಮದುವೆಮನೆಯಾಗುತ್ತಿತ್ತು. ಅಕ್ಕ ಒಂದು ದಿನವೂ ಬರಿಗೈಲಿ ಬರಲಿಲ್ಲ, ಮೆಂತ್ಯವೋ ಸಬ್ಬಸಿಗೆಯೋ ಒಂದು ಕಟ್ಟು ಸೊಪ್ಪು ಒಲೆ ಪಕ್ಕ ಇಟ್ಟೇ ಬಚ್ಚಲಿಗೆ ಹೋಗುತ್ತಿದ್ದರು. ಮೊದಮೊದಲು ಮೂತಿ ತಿರುವುತ್ತಿದ್ದ ಅತ್ತೆ, ಆ ಮೆಂತ್ಯದ ಪಲ್ಯ ತಿಂದ ಮೇಲೆ ಮೀಟಿಂಗು ಯಾವಾಗ ಅಂತ ತಾವೇ ಕೇಳತೊಡಗಿದರು. ನನ್ನ ಗಂಡ ಮಾತ್ರ ಆ ದಿನಗಳಲ್ಲಿ ಸಂಜೆವರೆಗೂ ಮನೆ ಕಡೆ ತಲೆ ಹಾಕುತ್ತಿರಲಿಲ್ಲ.

ಅಕ್ಕ ಹುಟ್ಟಿದ್ದು ಹೊಸದುರ್ಗದ ಕಡೆ, ಮಾಡದಕೆರೆಯಲ್ಲಿ. ಮದುವೆಯಾಗಿ ಬಂದದ್ದು ನಮ್ಮ ಕೋಟೆ ಬುಡದ ಕೇರಿಗೆ. ಯಜಮಾನರು ಕುರಿ ಕಾಯುವವರು, ಬೆಳಿಗ್ಗೆ ಗುಡ್ಡ ಹತ್ತಿದರೆ ಸಂಜೆ ಇಳಿಯುವವರು, ಊರಿನ ರಾಜಕೀಯ ಅವರಿಗೆ ಗುಡ್ಡದ ಮೇಲಿಂದ ಕಾಣುವಷ್ಟೇ ಕಾಣುತ್ತಿತ್ತು. ಅಕ್ಕ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದರು. ವಾರ್ಡು ಮಹಿಳೆಗೆ ಮೀಸಲು ಅಂತಾದಾಗ ಪಕ್ಷದವರು ಯಜಮಾನರನ್ನು ಹುಡುಕಿಕೊಂಡು ಬಂಡೆ ಹತ್ತಿದರಂತೆ, ನಿಮ್ಮ ಹೆಂಡತಿಯನ್ನು ಚುನಾವಣೆಗೆ ನಿಲ್ಲಿಸುತ್ತೇವೆ ಅಂತ. ಅದನ್ನು ಅಕ್ಕ ಹೇಳುವುದನ್ನೇ ಕೇಳಬೇಕು.

“ನಮ್ಮನೆಯೋರು ಏನಂದ್ರು ಗೊತ್ತಾ? ಅವಳನ್ನೇ ಕೇಳ್ರಪ್ಪ, ನನ್ನ ಮಾತು ಕುರಿ ಬಿಟ್ರೆ ಇನ್ಯಾರೂ ಕೇಳಲ್ಲ ಅಂದ್ರಂತೆ.”

ಗೆದ್ದದ್ದಾಯಿತು. ಅಷ್ಟಕ್ಕೇ ಮುಗಿದಿದ್ದರೆ ಈ ಬರಹವೂ ಇರುತ್ತಿರಲಿಲ್ಲ. ಆ ಸಲದ ಅಧ್ಯಕ್ಷಗಿರಿ ಯಾವ ವರ್ಗದ ಮಹಿಳೆಗೆ ಅಂತ ಸರ್ಕಾರದಿಂದ ಆದೇಶ ಬಂದಾಗ ನೋಡಿದರೆ, ಇಡೀ ಸಭೆಯಲ್ಲಿ ಆ ವರ್ಗದ ಹೆಂಗಸು ಅಕ್ಕ ಒಬ್ಬರೇ. ಬೇಕು ಬೇಡ ಅನ್ನುವ ಹಾಗಿಲ್ಲ. ವರ್ಷಗಟ್ಟಲೆ ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದವರೆಲ್ಲ ಹಾರ ಹಿಡಿದುಕೊಂಡು ಸೊಪ್ಪಿನ ಮಂಕರಿಯ ಮುಂದೆ ಕ್ಯೂ ನಿಂತರು. ಅವರಲ್ಲಿ ಮುಂದೆ ನಿಂತವರು ಉಪಾಧ್ಯಕ್ಷರು. ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟಿದ್ದ, ಸದಾ ಬಿಳಿ ಸಫಾರಿ ತೊಡುತ್ತಿದ್ದ, ಹಲವು ಸಲ ಸದಸ್ಯರಾಗಿದ್ದ ಗಟ್ಟಿ ಕುಳ.

“ಅಕ್ಕಾ, ನೀವು ಕುರ್ಚಿ ಮ್ಯಾಲೆ ಕುಂತ್ಕಳ್ರಿ ಸಾಕು. ಉಳಿದಿದ್ದೆಲ್ಲ ನಾನು ನೋಡ್ಕಂತೀನಿ” ಅಂದರಂತೆ.

ಅಕ್ಕ ಕುಂತರು. ಆದರೆ ಅವರು ಕುಂತ ಬಗೆ ಉಪಾಧ್ಯಕ್ಷರು ಎಣಿಸಿದ್ದಲ್ಲ. ಸಹಿಗೆ ಅಂತ ಕಡತಗಳನ್ನು ಮುಂದಿಟ್ಟರೆ, “ಓದಿ ಹೇಳ್ರಿ” ಅನ್ನುತ್ತಿದ್ದರು. ಗುಮಾಸ್ತ ಓದಲಿಕ್ಕೆ ಹೋದರೆ, “ನೀ ಬ್ಯಾಡಪ್ಪ, ತಂದೋರೇ ಓದ್ಲಿ” ಅನ್ನುತ್ತಿದ್ದರು. ತಂದವರು ಓದಬೇಕು, ಬಾಗಿಲು ತೆಗೆದಿರಬೇಕು, ಹೊರಗಿನ ಬೆಂಚಿನಲ್ಲಿ ಕೂತ ಜನಕ್ಕೂ ಕೇಳಬೇಕು. ಚರಂಡಿ ಹೂಳು ತೆಗೆಸಿದ ಬಿಲ್ಲನ್ನು ಹಾಗೆ ಗಟ್ಟಿಯಾಗಿ ಓದುವಾಗ ಅರ್ಧದಲ್ಲೇ ಕಡತ ಮುಚ್ಚಿ, ನಾಳೆ ಬರುತ್ತೇನೆ ಅಂತ ಎದ್ದು ಹೋದವರುಂಟು. ಹೀಗೇಕೆ ಅಂತ ಕೇಳಿದ್ದಕ್ಕೆ ಅಕ್ಕ ನನಗೆ ಹೇಳಿದ್ದು ಇಷ್ಟೇ: “ಕಟ್ಟು ಬಿಚ್ಚಿ ನೋಡ್ದೆ ನನ್ನ ಹತ್ರ ಯಾರೂ ಸೊಪ್ಪು ತಗಳಲ್ಲ. ನಾನ್ಯಾಕೆ ತಗಳ್ಳಿ?”

ಒಂದು ದಿನ ನನ್ನನ್ನು ತಮ್ಮ ಕೊಠಡಿಗೆ ಕರೆದುಕೊಂಡು ಹೋದರು. ಎತ್ತರದ ಚಾವಣಿ, ಕೆಳಗೆ ಜೋತುಬಿದ್ದ ಫ್ಯಾನು, ಗೋಡೆಗೆ ಅಧ್ಯಕ್ಷರುಗಳ ಹೆಸರು ಬರೆದ ದೊಡ್ಡ ಮರದ ಹಲಗೆ. ಅದೇನು ಅಂತ ಕೇಳಿದರು. ಸಮಾಜದ ಟೀಚರಿಗೆ ಅಷ್ಟು ಸಾಕಲ್ಲ, ನಾನು ಪಾಠ ಶುರು ಮಾಡಿಬಿಟ್ಟೆ. ಮೊದಲು ಸರ್ಕಾರದ ಅಧಿಕಾರಿಗಳೇ ಪುರಸಭೆಯ ಅಧ್ಯಕ್ಷರಾಗಿರುತ್ತಿದ್ದರು. ಆಮೇಲೆ ಊರಿನ ದೊಡ್ಡ ಮನುಷ್ಯರನ್ನು ಸರ್ಕಾರವೇ ನೇಮಿಸುತ್ತಿತ್ತು. ಆಮೇಲೆ ಚುನಾವಣೆ ಬಂತು, ಆದರೆ ತೆರಿಗೆ ಕಟ್ಟುವವರಿಗಷ್ಟೇ ಮತ. ಎಲ್ಲರಿಗೂ ಮತ ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ, ಹೆಂಗಸರಿಗೆ ಈ ಕುರ್ಚಿ ಸಿಕ್ಕಿದ್ದು ಈಗ. ಅಕ್ಕ ಹಲಗೆಯನ್ನು ಮೇಲಿಂದ ಕೆಳಗೆ ನೋಡಿದರು.

“ಇಷ್ಟು ಜನ ಗಂಡಸ್ರು ಬಂದು ಹೋದ್ರಲ್ಲ ಟೀಚ್ರಮ್ಮ, ಒಬ್ಬರಿಗೂ ಮನೇಲಿ ಹೆಂಡ್ತಿ ಇರಲಿಲ್ವಾ?”

ನಾನು ನಕ್ಕೆ. ಅವರು ನಗಲಿಲ್ಲ.

ಅವರು ನಗದೇ ಇದ್ದದ್ದು ಏಕೆ ಅಂತ ನನಗೆ ತಿಳಿದದ್ದು ಆ ಬೇಸಿಗೆಯಲ್ಲಿ. ಬಿಸಿಲಲ್ಲಿ ಬಂದವರಿಗೆ ಅತ್ತೆ ಬೆಲ್ಲದ ಪಾನಕ ಮಾಡಿ ಕೊಟ್ಟರೆ ಅಕ್ಕ ಮುಟ್ಟಲಿಲ್ಲ. ಒತ್ತಾಯ ಮಾಡಿದ್ದಕ್ಕೆ, ಮನೆಗೆ ಹೋಗುವವರೆಗೆ ನೀರು ಬಾಯಿಗೆ ಹಾಕುವ ಅಭ್ಯಾಸ ಇಲ್ಲ ಅಂದರು. ವ್ರತವೇನೋ ಅಂದುಕೊಂಡರು ಅತ್ತೆ.

“ಎಂಥ ವ್ರತ ಬಿಡವ್ವ. ಮದಕರಿಪುರದೋರು ಮೊದಲ್ನೇ ಬಸ್ಸಿಗೆ ಸೊಪ್ಪು ಹೊತ್ಕಂಡು ಬರ್ತಾರೆ. ಮಾರ್ಕೆಟ್ಟಾಗೆ ಹೆಂಗಸ್ರಿಗೆ ಒಂದಕ್ಕೆ ಹೋಗಾಕೆ ಜಾಗ ಇಲ್ಲ. ಅದಕ್ಕೆ ಯಾರೂ ನೀರು ಕುಡಿಯಲ್ಲ. ಮಧ್ಯಾಹ್ನ ಊರಿಗೆ ಹೋಗಿ ಮೊದಲು ಬೇಲಿ ಮರೆಗೆ ಹೋಗ್ತಾರೆ, ಆಮ್ಯಾಲೆ ಮನೆಗೆ. ಒಬ್ಬಳಿಗೆ ಉರಿ, ಒಬ್ಬಳಿಗೆ ಕಲ್ಲು. ನನಗೆ ಎರಡೂ ಐತೆ. ಡಾಕ್ಟ್ರು ನೀರು ಕುಡೀರಿ ಅಂತಾರೆ. ಕುಡಿದು ಎಲ್ಲಿಗೆ ಹೋಗ್ಲಿ, ಅವರ ಮನೆಗಾ?”

ಅತ್ತೆ ಪಾನಕದ ಲೋಟವನ್ನು ಪಕ್ಕಕ್ಕೆ ಸರಿಸಿಟ್ಟರು. ಅಕ್ಕ ನನ್ನ ಕಡೆ ತಿರುಗಿದರು. “ಕುರ್ಚಿ ಬಿಡೋದ್ರೊಳಗೆ ಮಾರ್ಕೆಟ್ಟಾಗೆ ನಮ್ಮ ಹೆಂಗಸ್ರಿಗೆ ಒಂದು ಕಟ್ಟಿಸ್ಬೇಕು. ಬೇರೆ ಏನೂ ಬ್ಯಾಡ ನನಗೆ.”

ನಾನು ಒಳಗೆ ಹೋಗಿ ನಮ್ಮ ಪಠ್ಯಪುಸ್ತಕ ತಂದೆ. ಪುರಸಭೆಯ ಕಡ್ಡಾಯ ಕರ್ತವ್ಯಗಳು, ವಿವೇಚನೆಯ ಕರ್ತವ್ಯಗಳು ಅಂತ ಪಾಠವಿದೆಯಲ್ಲ, ಪರೀಕ್ಷೆಗೆ ಬಂದೇ ಬರುವಂಥದ್ದು. ಉದ್ಯಾನ, ವಾಚನಾಲಯ ಇವೆಲ್ಲ ಇಷ್ಟವಿದ್ದರೆ. ಬೀದಿದೀಪ, ಕುಡಿಯುವ ನೀರು, ಚರಂಡಿ, ಸಾರ್ವಜನಿಕ ಶೌಚಾಲಯ ಇವೆಲ್ಲ ಕಡ್ಡಾಯ. ಓದಿ ಹೇಳಿದೆ.

“ಕಡ್ಡಾಯ ಅಂದ್ರೆ ಮಾಡ್ಲೇಬೇಕು ಅಂತಾನಾ?”

“ಹೌದಕ್ಕ.”

“ನಿಮ್ಮ ಹುಡುಗೀರು ಬಾಯಿಪಾಠ ಮಾಡ್ತಾರೆ, ನಮ್ಮ ಮೆಂಬರ್ರು ಪಾರ್ಕಿಗೆ ಕಾರಂಜಿ ಹಾಕಿಸ್ತಾರೆ. ಇದ್ಯಾವ ನ್ಯಾಯ ರೀ?”

ಮುಂದಿನ ಸಭೆಯಲ್ಲೇ ವಿಷಯ ಇಟ್ಟರು. ಮಾರ್ಕೆಟ್ಟಿನ ಮೂಲೆಯಲ್ಲಿ ನಗರಸಭೆಯದೇ ಒಂದು ಖಾಲಿ ಜಾಗವಿತ್ತು. ಅಲ್ಲಿ ಮಳಿಗೆ ಕಟ್ಟಬೇಕು ಅಂತ ಉಪಾಧ್ಯಕ್ಷರು ಎಂದೋ ಗೆರೆ ಹಾಕಿಟ್ಟುಕೊಂಡಿದ್ದರು. ಅವರು ಎದ್ದು ನಿಂತು, ಇದು ಐತಿಹಾಸಿಕ ನಗರ, ದೇಶವಿದೇಶದಿಂದ ಕೋಟೆ ನೋಡಲು ಜನ ಬರುತ್ತಾರೆ, ಊರ ನಡುವೆ ಕಕ್ಕಸು ಕಟ್ಟಿದರೆ ದುರ್ಗದ ಗೌರವವೇನಾಯಿತು ಅಂತ ಭಾಷಣ ಮಾಡಿದರು. ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ಮುಂದಿನ ಸಭೆಯಲ್ಲಿ ಅದರ ಮುಂದಿನ ಸಭೆಗೆ.

ಐತಿಹಾಸಿಕ ಅನ್ನುವ ಮಾತು ಅಕ್ಕನ ತಲೆಯಲ್ಲಿ ಕೂತುಬಿಟ್ಟಿತು. ಆ ದಿನಗಳಲ್ಲೇ ಬೆಂಗಳೂರಿನಿಂದ ಯಾರೋ ಅಧಿಕಾರಿಗಳು ಕೋಟೆ ನೋಡಲು ಬಂದರು, ಅಧ್ಯಕ್ಷರು ಜೊತೆಗೆ ಹೋಗಬೇಕಾಯಿತು. ಗೈಡು ಹೊಂಡ ತೋರಿಸಿದ, ಗರಡಿಮನೆ ತೋರಿಸಿದ, ಮೇಲಿನ ಹೊಂಡ ತುಂಬಿ ಕೆಳಗಿನ ಹೊಂಡಕ್ಕೆ ನೀರು ಹರಿಯುವ ಜಾಣ್ಮೆ ವಿವರಿಸಿದ. ಅಕ್ಕ ಎಲ್ಲ ಕೇಳಿಸಿಕೊಂಡು, “ರಾಣೀರು ಎಲ್ಲಿಗೆ ಹೋಗ್ತಿದ್ರಪ್ಪ, ಅದನ್ನ ತೋರಿಸು” ಅಂದರು. ಗೈಡು ತಬ್ಬಿಬ್ಬಾದ. ದೊಡ್ಡ ಅಧಿಕಾರಿ ಕೆಮ್ಮಿದರು. “ನಾಚ್ಕಬ್ಯಾಡ್ರಿ ಸಾರ್, ನೀರಿಗೆ ಅಷ್ಟು ತಲೆ ಓಡ್ಸಿದೋರು ಇದಕ್ಕೂ ಏನಾರ ಮಾಡಿರ್ತಾರೆ, ನಮ್ಮ ಮುನ್ಸಿಪಾಲ್ಟಿ ಥರ ಮುಂದಿನ ಸಭೆಗೆ ಹಾಕಿರಲ್ಲ” ಅಂದರಂತೆ. ಊರಿಗೆಲ್ಲ ಈ ಮಾತು ಹಬ್ಬಿತು. ಉಪಾಧ್ಯಕ್ಷರು ಅಕ್ಕನ ಜೊತೆ ಮಾತು ಬಿಟ್ಟರು.

ಇನ್ನು ಆ ಮಧ್ಯಾಹ್ನದ ಕಥೆ. ಸುಡುಬಿಸಿಲಿನ ದಿನ ಸಾಮಾನ್ಯ ಸಭೆ. ಸದಸ್ಯರು ಬರುತ್ತಲೇ ಕಲ್ಲಂಗಡಿ ಹಣ್ಣು, ಅದರ ಹಿಂದೆ ಉಪ್ಪು ಮೆಣಸು ಹಾಕಿದ ಮಜ್ಜಿಗೆ, ಲೋಟ ಬರಿದಾದಂತೆ ಮತ್ತೆ ಮಜ್ಜಿಗೆ. ಅಧ್ಯಕ್ಷೆ ಒಲಿದಿದ್ದಾಳೆ ಅಂತ ಗಂಡಸರಿಗೆಲ್ಲ ಖುಷಿ. ಮಹಿಳಾ ಸದಸ್ಯರು ಸಭೆಗೆ ಮೊದಲೇ ಸಾಲಾಗಿ ನಮ್ಮ ಮನೆಗೆ ಬಂದು ಹೋಗಿದ್ದರು, ಏಕೆ ಅಂತ ನನಗೂ ಹೇಳಿರಲಿಲ್ಲ. ಅಕ್ಕ ಅತ್ತೆಯ ಕಿವಿಯಲ್ಲಿ ಏನೋ ಹೇಳಿದ್ದರು. ಅತ್ತೆ ಎಲೆಅಡಿಕೆ ತಟ್ಟೆ ಹಿಡಿದು ಹಿತ್ತಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತುಬಿಟ್ಟರು.

ಸಭೆ ಶುರುವಾಗಿ ಸ್ವಲ್ಪ ಹೊತ್ತಿಗೆ ಒಬ್ಬ ಸದಸ್ಯ ಎದ್ದು ಹೊರಗೆ ಹೋದ, ಹೋದ ವೇಗದಲ್ಲೇ ವಾಪಸು ಬಂದ. ಗಂಡಸರ ಶೌಚಾಲಯಕ್ಕೆ ಬೀಗ, ಬಾಗಿಲ ಮೇಲೆ ‘ದುರಸ್ತಿಯಲ್ಲಿದೆ’ ಅಂತ ಸೀಮೆಸುಣ್ಣದ ಬರಹ. ಇನ್ನೊಬ್ಬ ಕಾಂಪೌಂಡಿನ ಗೋಡೆ ಕಡೆ ಹೋದ. ಗೋಡೆಯ ಉದ್ದಕ್ಕೂ ಮಾರ್ಕೆಟ್ಟಿನ ಹೆಂಗಸರು ಮಂಕರಿ ಮುಂದಿಟ್ಟುಕೊಂಡು, ಸೊಪ್ಪು ಬಿಡಿಸುತ್ತ ಸಾಲಾಗಿ ಕೂತಿದ್ದಾರೆ. ನಮ್ಮ ಊರಿನಲ್ಲಿ ಗಂಡಸರಿಗೆ ಗೋಡೆ ಅಂದರೆ ಪಿತ್ರಾರ್ಜಿತ ಆಸ್ತಿ. ಅಲ್ಲೂ ಆ ದಿನ ಜನ ಕೂತುಬಿಟ್ಟಿದ್ದರು. ಒಳಗೆ ಅಕ್ಕ ನಿಧಾನಕ್ಕೆ ಬೀದಿದೀಪದ ವಿಷಯ, ನಿಧಾನಕ್ಕೆ ಹಂದಿ ಹಿಡಿಯುವ ವಿಷಯ ಚರ್ಚೆ ಮಾಡಿಸುತ್ತಿದ್ದಾರೆ. ಮಾರ್ಕೆಟ್ಟಿನ ವಿಷಯ ಕಟ್ಟಕಡೆಗೆ ಇಟ್ಟಿದ್ದಾರೆ. ಸಭೆ ಬಿಟ್ಟು ಹೋಗೋಣವೆಂದರೆ, ಹೋದವರನ್ನು ಬಿಟ್ಟು ನಿರ್ಣಯವಾಗಿಬಿಡುವ ಭಯ.

ಕೊನೆಗೆ ನಮ್ಮ ಹಿತ್ತಲಿಗೆ ಬಂದವರು ಸಾಕ್ಷಾತ್ ಉಪಾಧ್ಯಕ್ಷರು. ಬಿಳಿ ಸಫಾರಿ ಬೆವರಿ ಬೆನ್ನಿಗೆ ಅಂಟಿತ್ತು.

“ಅಮ್ಮಾ, ಸ್ವಲ್ಪ ಬಚ್ಚಲಿಗೆ ಹೋಗ್ಬೇಕಿತ್ತು.”

ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. “ಇದು ಹೆಂಗಸರ ಬಾಗಿಲಪ್ಪ. ದುರ್ಗದ ಗೌರವದ ಪ್ರಶ್ನೆ.”

ಉಪಾಧ್ಯಕ್ಷರು ನನ್ನ ಮುಖ ನೋಡಿದರು. ನಾನು ಗೋಡೆ ಕಡೆ ತಿರುಗಿ ನಗು ನುಂಗುತ್ತ ನಿಂತಿದ್ದೆ. ಅವರು ವಾಪಸು ಹೋದ ನಡಿಗೆಯನ್ನು ನಾನು ಬರೆಯಲಾರೆ. ಸ್ವಲ್ಪ ಹೊತ್ತಿಗೆಲ್ಲ ವಿಷಯ ಸರ್ವಾನುಮತದಿಂದ ಪಾಸಾಯಿತು, ಕೈ ಎತ್ತಿದವರು ಎತ್ತಿದ ಕೈಯಲ್ಲೇ ಬಾಗಿಲು ತಳ್ಳಿಕೊಂಡು ಓಡಿದರು ಅಂತ ಮಹಿಳಾ ಸದಸ್ಯರು ನಮ್ಮ ಅಡುಗೆಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಹೇಳಿದರು.

“ಪಾಪ ಅನ್ನಿಸಲಿಲ್ವಾ ಅಕ್ಕ?” ಅಂದೆ.

“ಅವರಿಗೆ ಅರ್ಧ ದಿನ ರೀ. ನಮಗೆ ಜೀವಮಾನ” ಅಂದರು.

ಇಷ್ಟು ಮಾಡಿಸಿಕೊಂಡ ಗಂಡಸರು ಸುಮ್ಮನಿರುತ್ತಾರೆಯೇ? ಮಾರ್ಕೆಟ್ಟಿನಲ್ಲಿ ಪಾಯ ತೆಗೆದು, ಗೋಡೆ ಎದ್ದು, ಒಳಗಿನ ಸಣ್ಣ ಸಣ್ಣ ಕೋಣೆಗಳು ಮುಗಿಯುವ ಹೊತ್ತಿಗೆ ಅವಿಶ್ವಾಸ ನಿರ್ಣಯದ ನೋಟಿಸು ಬಂತು. ಅಕ್ಕನನ್ನು ಇಳಿಸಿದರೆ ಆ ಕುರ್ಚಿಗೆ ಮೀಸಲಾತಿಯ ಪ್ರಕಾರ ಇನ್ನೊಬ್ಬರಿಲ್ಲ, ಆದ್ದರಿಂದ ಉಪಾಧ್ಯಕ್ಷರೇ ಪ್ರಭಾರ ಅಧ್ಯಕ್ಷರು. ಅದೇ ಅವರ ಲೆಕ್ಕ. ದೊಡ್ಡ ಊರುಗಳಲ್ಲಿ ಇಂಥ ಹೊತ್ತಿನಲ್ಲಿ ಸದಸ್ಯರನ್ನು ಕೈತಪ್ಪದಂತೆ ಬಸ್ಸು ಹತ್ತಿಸಿ ಗೋವಾಕ್ಕೋ ಮಡಿಕೇರಿಗೋ ಕರೆದೊಯ್ಯುತ್ತಾರಂತೆ. ನಮ್ಮ ಉಪಾಧ್ಯಕ್ಷರ ಕೈ ಬಿಗಿ. ಹಿರಿಯೂರಿನ ಆಚೆ ಮಾರಿಕಣಿವೆಗೆ ಕರೆದುಕೊಂಡು ಹೋಗಿ, ಡ್ಯಾಮ್ ತೋರಿಸಿ, ಮೀನೂಟ ಹಾಕಿಸಿ, ಸಭೆಯ ದಿನ ಬೆಳಿಗ್ಗೆ ವಾಪಸು ಕರೆತಂದರು. ಮಹಿಳಾ ಸದಸ್ಯರಲ್ಲೂ ಕೆಲವರನ್ನು ಅವರ ಗಂಡಂದಿರು ಆ ಬಸ್ಸಿಗೆ ಹತ್ತಿಸಿದ್ದರು.

ಆ ಬೆಳಿಗ್ಗೆಯೇ ಮಾರ್ಕೆಟ್ಟಿನ ಕಟ್ಟಡಕ್ಕೆ ಚಾವಣಿಯ ಮೋಲ್ಡು ಹಾಕಬೇಕಿತ್ತು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಮಾರಿಕಣಿವೆಯಿಂದ ಬಂದ ಸದಸ್ಯೆಯೊಬ್ಬಳು ಹಿತ್ತಲ ಬಾಗಿಲಿಗೆ ಓಡಿಬಂದಳು. “ಟೀಚರ್, ಅಕ್ಕ ಎಲ್ಲಿ? ಒಂದ್ಸಲ ಬಂದು ಎದುರಿಗೆ ಕುಂತ್ಕಳಾಕೆ ಹೇಳ್ರಿ. ಕೈ ಎತ್ತಿ ವೋಟು ಹಾಕೋದು. ಅವರು ಎದುರಿಗಿದ್ರೆ ನಮಗ್ಯಾರಿಗೂ ಕೈ ಏಳಲ್ಲ. ಇಲ್ಲದಿದ್ರೆ ನಮ್ಮನೆಯೋರು ಹೊರಗೇ ನಿಂತವ್ರೆ, ನಾವು ಎತ್ತಲೇಬೇಕು.” ಅವಳ ಕಣ್ಣಲ್ಲಿ ನೀರಿತ್ತು.

ನಾನು ಮಾರ್ಕೆಟ್ಟಿಗೆ ಓಡಿದೆ. ಅಲ್ಲಿ ನೋಡಿದರೆ ಕೆಲಸ ನಿಂತಿದೆ. ಕೂಲಿಯವರಲ್ಲಿ ಅರ್ಧ ಜನ ಬಂದಿಲ್ಲ, ಬರಬೇಡಿ ಅಂತ ಯಾರೋ ಹೇಳಿ ಕಳಿಸಿದ್ದಾರೆ. ಕಾಂಕ್ರೀಟು ಕಲೆಸುವ ಯಂತ್ರದ ಪಕ್ಕದಲ್ಲಿ ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಿದ್ದಾನೆ. ಅಕ್ಕ ಮರಳ ಗುಡ್ಡೆಯ ಮೇಲೆ ನಿಂತಿದ್ದಾರೆ.

“ಮಧ್ಯಾಹ್ನ ಸಭೆ ಮುಗೀಲಿ ಮೇಡಂ, ಆಮ್ಯಾಲೆ ನೋಡಾಣ” ಅಂದ ಮೇಸ್ತ್ರಿ.

“ಸಭೆ ಮುಗಿಯೋ ತನಕ ನಾನೇ ಅಧ್ಯಕ್ಷೆ. ಕಲೆಸು.”

ನಾನು ವಿಷಯ ಹೇಳಿದೆ. ಅಕ್ಕ ಕೇಳಿಸಿಕೊಂಡು, ಚಾವಣಿಯಿಲ್ಲದ ಗೋಡೆಗಳ ಕಡೆ ನೋಡಿದರು.

“ನಾನು ಅಲ್ಲಿಗೆ ಬಂದ್ರೆ ಇವನು ಇಲ್ಲಿ ನಿಲ್ಲಿಸ್ತಾನೆ ಟೀಚ್ರಮ್ಮ. ಚಾವಣಿ ಇಲ್ಲದ ಗೋಡೆ ಕೆಡವಾಕೆ ಒಂದು ಬೆಳಿಗ್ಗೆ ಸಾಕು. ಮೋಲ್ಡು ಬಿತ್ತು ಅಂದ್ರೆ ಅದು ಮುನ್ಸಿಪಾಲ್ಟಿ ಆಸ್ತಿ, ಕೆಡವ್ಬೇಕಾದ್ರೆ ಮತ್ತೆ ಸಭೆ ಸೇರ್ಬೇಕು, ಕೈ ಎತ್ಬೇಕು. ಕಕ್ಕಸು ಕೆಡವಾಕೆ ಕೈ ಎತ್ತಿದ್ದು ನಾನೇ ಅಂತ ಯಾವನು ಊರಾಗೆ ಹೇಳ್ಕಂತಾನೆ?”

“ಕುರ್ಚಿ ಹೋಗುತ್ತಲ್ಲ ಅಕ್ಕ. ಕುರ್ಚಿ ಇದ್ದರೆ ಇಂಥವು ಇನ್ನೂ ಎಷ್ಟೋ ಕಟ್ಟಿಸಬಹುದು.”

“ಇಲ್ಲ ರೀ. ಒಂದು ಕೈಯಾಗೆ ಐತೆ. ಇನ್ನೆಷ್ಟೋ ಅನ್ನೋದು ಬಾಯಾಗೆ ಐತೆ” ಅಂದರು. ಆಮೇಲೆ ಸೊಪ್ಪಿನ ಸಾಲಿನ ಕಡೆ ತಿರುಗಿ ಕೂಗಿದರು. “ಏನ್ರವ್ವ, ಕೂಲಿಯೋರು ಬಂದಿಲ್ಲ. ಬರ್ತೀರಾ?”

ಬಂದರು. ಮಂಕರಿಗಳನ್ನು ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರೂ ಬಂದರು. ಯಂತ್ರದಿಂದ ಏಣಿಯವರೆಗೆ ಸಾಲು ನಿಂತು ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಮೇಲೆ ಮೇಸ್ತ್ರಿ ಸುರಿದು ಮಟ್ಟ ಮಾಡುತ್ತ ಹೋದ. ನಾನೂ ಸಾಲಿನಲ್ಲಿ ನಿಂತೆ. ಸೀಮೆಸುಣ್ಣ ಬಿಟ್ಟರೆ ಬೇರೆ ಭಾರ ಹೊರದ ಕೈ ನನ್ನದು, ನಾಲ್ಕು ಬಾಂಡ್ಲಿಗೇ ಬೆರಳು ಬಾತುಕೊಂಡವು. ಪಕ್ಕದ ಮದಕರಿಪುರದ ಹೆಂಗಸು, “ನೀವು ಖಾಲಿ ಬಾಂಡ್ಲಿ ವಾಪಸು ಕೊಡ್ರಿ ಮೇಡಂ, ಅದಕ್ಕೂ ಜನ ಬೇಕು” ಅಂತ ನನ್ನ ಮರ್ಯಾದೆ ಉಳಿಸಿದಳು.

ಕೊನೆಯ ಮೂಲೆಗೆ ಕಾಂಕ್ರೀಟು ಬಿದ್ದಾಗ ಬಿಸಿಲು ಇಳಿದಿತ್ತು. ಕಚೇರಿಯ ಜವಾನ ಸೈಕಲ್ ಮೇಲೆ ಬಂದ. ಅವಿಶ್ವಾಸ ಪಾಸಾಯಿತು ಅಂತ ಅಕ್ಕನ ಎದುರು ತಲೆ ತಗ್ಗಿಸಿ ಹೇಳಿದ. ಎಲ್ಲರೂ ಕೈ ಎತ್ತಿದ್ದರು, ಬೆಳಿಗ್ಗೆ ಅತ್ತವಳೂ ಎತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಮಾರ್ಕೆಟ್ಟಿನ ಮಧ್ಯೆ ನಿಂತು ಅತ್ತುಬಿಟ್ಟೆ.

“ಯಾಕ್ರಿ ಅಳ್ತೀರಿ? ಕೈ ತೊಳ್ಕಳ್ರಿ ಮೊದಲು, ಸಿಮೆಂಟು ಚರ್ಮ ತಿಂತೈತೆ” ಅಂತ ಅಕ್ಕ ನನ್ನ ಕೈಗೆ ನೀರು ಹಾಕಿದರು. ನನ್ನ ಕೈ ತೊಳೆದು ಮುಗಿದರೂ ಕಚೇರಿಯ ಕಡೆ ನೋಡುತ್ತ ನೀರು ಸುರಿಯುತ್ತಲೇ ಇದ್ದರು. ಆ ಕುರ್ಚಿ ಅವರಿಗೂ ಇಷ್ಟವಿತ್ತು ಅನ್ನುವುದು ನನಗೆ ಆಗ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅಕ್ಕ ಮಂಕರಿ ಮುಂದೆ ಕೂತು ಸೊಪ್ಪು ಮಾರಿದರು. ಕಟ್ಟಡವನ್ನು ಯಾರೂ ಕೆಡವಲಿಲ್ಲ. ಕೆಲವು ತಿಂಗಳ ಮೇಲೆ ಉದ್ಘಾಟನೆಯೂ ಆಯಿತು. ಶಿಲಾಫಲಕದ ಮೇಲೆ ಪ್ರಭಾರ ಅಧ್ಯಕ್ಷರ ಹೆಸರು ದೊಡ್ಡದಾಗಿ, ಅದರ ಕೆಳಗೆ ಇನ್ನೂ ಯಾರ್ಯಾರದೋ. ಅಕ್ಕನ ಹೆಸರಿಲ್ಲ, ಆಮಂತ್ರಣವೂ ಇಲ್ಲ. ನಾನು ಕುದಿದುಹೋಗಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅಕ್ಕ ಮಾತ್ರ ಸಬ್ಬಸಿಗೆ ಸೊಪ್ಪಿಗೆ ನೀರು ಚಿಮುಕಿಸುತ್ತ ನಕ್ಕರು. “ಕಕ್ಕಸಿನ ಗೋಡೆ ಮ್ಯಾಲೆ ನನ್ನ ಹೆಸರ್ಯಾಕೆ ಟೀಚ್ರಮ್ಮ? ಆಸೆ ಪಟ್ಟೋರದೇ ಇರಲಿ ಬಿಡ್ರಿ.”

ಅವರಿಗೆ ಇನ್ನು ನಮ್ಮ ಹಿತ್ತಲ ಬಾಗಿಲಿನ ಅಗತ್ಯವಿರಲಿಲ್ಲ. ಕೆಲವು ವಾರ ಬರಲೂ ಇಲ್ಲ. ಮನೆ ಬಿಕೋ ಅನ್ನುತ್ತಿತ್ತು, ಅತ್ತೆ ಸುಮ್ಮಸುಮ್ಮನೆ ನನ್ನ ಮೇಲೆ ರೇಗುತ್ತಿದ್ದರು. ಒಂದು ಮಧ್ಯಾಹ್ನ ಮುಂಬಾಗಿಲ ಕರೆಗಂಟೆ ಹೊಡೆಯಿತು. ಅಕ್ಕ ಒಳಗೆ ಬಂದು, ಬಚ್ಚಲ ಕಡೆ ಹೋಗದೆ ಕುರ್ಚಿಯ ಮೇಲೆ ಕೂತು, “ಒಂದು ಲೋಟ ನೀರು ಕೊಡ್ರಿ, ಆಮ್ಯಾಲೆ ಕಾಫಿ ಕುಡೀತೀನಿ. ಬರೀ ಮಾತಾಡಾಕೆ ಬಂದೀನಿ” ಅಂದರು. ಅತ್ತೆ ಇರುವವರೆಗೂ ಹಾಗೆ ಬರುತ್ತಿದ್ದರು. ಆಮೇಲೆ ನಮಗೆ ಬೇರೆ ಬಡಾವಣೆಯಲ್ಲಿ ಮನೆಯಾಯಿತು, ಅವರಿಗೆ ಮೊಣಕಾಲು ಹಿಡಿದು ಮಗಳು ಹೊಳಲ್ಕೆರೆಗೆ ಕರೆದುಕೊಂಡು ಹೋದಳು. ಮಾತು ಫೋನಿಗೆ ಬಂತು, ಫೋನು ಹಬ್ಬಕ್ಕೆ ಬಂತು. ಬದುಕು ಹಾಗೇ ಅಲ್ಲವೇ.

ಪತ್ರಿಕೆ ನೋಡಿದ ಮೇಲೆ ಮನೆಯಲ್ಲಿ ಕೂರಲಾಗದೆ ನಿನ್ನೆ ಹಳೇ ಮಾರ್ಕೆಟ್ಟಿಗೆ ಹೋದೆ. ಗುರುತಿನ ಮುಖ ಒಂದೂ ಇರಲಿಲ್ಲ. ಶಿಲಾಫಲಕದ ಅಕ್ಷರಗಳಿಗೆ ಯಾರೋ ಸುಣ್ಣ ಬಳಿದುಬಿಟ್ಟಿದ್ದಾರೆ. ಸೊಪ್ಪಿನ ಸಾಲಿನಲ್ಲಿ ಇಪ್ಪತ್ತೈದು ದಾಟಿರದ ಒಬ್ಬ ಹೆಣ್ಣುಮಗಳ ಮುಂದೆ ನಿಂತು ಮೆಂತ್ಯ ಕೇಳಿದೆ. ಅವಳು ಕಟ್ಟು ಕೊಟ್ಟು, ಬಾಟಲಿ ಎತ್ತಿ ಗಟಗಟನೆ ನೀರು ಕುಡಿದು, ಪಕ್ಕದವಳಿಗೆ ಹೇಳಿ ಎದ್ದಳು.

“ಒಂಚೂರು ನೋಡ್ಕಳೇ, ಅಕ್ಕನ ಮನೆಗೆ ಹೋಗಿ ಬರ್ತೀನಿ.”

ಎದ್ದು ಹೋದದ್ದು ಮೂಲೆಯ ಆ ಕಟ್ಟಡಕ್ಕೆ. ವಾಪಸು ಬಂದ ಮೇಲೆ ಕೇಳಿದೆ, ಅದಕ್ಕೆ ಅಕ್ಕನ ಮನೆ ಅಂತ ಯಾಕಂತಾರೆ, ಯಾರು ಆ ಅಕ್ಕ ಅಂತ.

“ಗೊತ್ತಿಲ್ಲ ಮೇಡಂ. ನಾನು ಬಂದಾಗಿಂದ ಎಲ್ರೂ ಹಂಗೇ ಅಂತಾರೆ” ಅಂದಳು.